ಭೀಮಾ ಕೋರೆಗಾಂವ್ ವಿಜಯಸ್ತಂಭ: ನೋಡಲು ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

1818ರ ಜನವರಿ 1ರಂದು ಪೇಶ್ವೆಯ ಸೈನ್ಯದ ಎದುರು ಹೋರಾಡಿ ಸತ್ತ ಸಿಪಾಯಿಗಳ ಹೆಸರಿರುವ, ಈಸ್ಟ್ ಇಂಡಿಯಾ ಕಂಪನಿ ಕಟ್ಟಿಸಿದ ಸ್ತಂಭ ಇದು. ಪ್ರತಿ ಜನವರಿ 1ಕ್ಕೆ ಲಕ್ಷಾಂತರ ಜನ, ಅದರಲ್ಲೂ ದಲಿತರು, ಇದನ್ನು ನೋಡಲು ಹೋಗುತ್ತಾರೆ. ಡಿಸೆಂಬರ್ ಬಂತೆಂದರೆ ಕಲಬುರಗಿ, ಬೀದರ್, ವಿಜಯಪುರ, ಬೆಳಗಾವಿ ಕಡೆಯ ಗೆಳೆಯರಿಂದ ಹೆಚ್ಚುಕಡಿಮೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಬೆಂಗಳೂರಿನವರು, ಮೈಸೂರಿನವರು ಈಚೆಗೆ ಜಾಸ್ತಿ ಕೇಳುತ್ತಿದ್ದಾರೆ. ಅವಕ್ಕೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ. ದಾರಿ, ಊಟ, ವಸತಿಯ ಪ್ರಶ್ನೆಗಳಿಗೆ ಉತ್ತರ ಚಿಕ್ಕದು. ಯಾಕೆ ಹೋಗಬೇಕು ಅನ್ನುವ ಪ್ರಶ್ನೆಗೆ ಸ್ವಲ್ಪ ದೊಡ್ಡದು.

ಸ್ತಂಭ ಇರುವುದು ಎಲ್ಲಿ? ಕೋರೆಗಾಂವ್ ಊರೊಳಗಾ?

ಊರೊಳಗಲ್ಲ. ಪುಣೆಯಿಂದ ಅಹಿಲ್ಯಾನಗರಕ್ಕೆ, ಅಂದರೆ ಹಳೆಯ ಅಹಮದ್‌ನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು 30 ಕಿ.ಮೀ. ಹೋದರೆ ಪೇರಣೆ ಎಂಬ ಊರು ಸಿಗುತ್ತದೆ. ಸ್ತಂಭ ಇರುವುದು ಆ ಊರಿನ ನೆಲದಲ್ಲಿ, ಭೀಮಾ ನದಿಯ ಹತ್ತಿರ. ನದಿ ದಾಟಿದರೆ ಕೋರೆಗಾಂವ್. ಜನ ಇದನ್ನು ವಿಜಯಸ್ತಂಭ ಅಂತಲೂ ಜಯಸ್ತಂಭ ಅಂತಲೂ ಕರೆಯುತ್ತಾರೆ. ಮಹಾರಾಷ್ಟ್ರದಲ್ಲಿ ಕೋರೆಗಾಂವ್ ಹೆಸರಿನ ಊರುಗಳು ಬೇರೆಯೂ ಇವೆ. ಪುಣೆ ನಗರದೊಳಗೇ ಕೋರೆಗಾಂವ್ ಪಾರ್ಕ್ ಇದೆ. ಹಾಗಾಗಿ ದಾರಿ ಕೇಳುವಾಗ ‘ಪೇರಣೆ ಫಾಟಾ, ಜಯಸ್ತಂಭ’ ಅನ್ನಿ. ಯಾರು ಬೇಕಾದರೂ ತೋರಿಸುತ್ತಾರೆ.

ಅಲ್ಲಿ ಹರಿಯುವುದು ನಮ್ಮ ಭೀಮೆಯೇ. ಪಂಢರಪುರ ದಾಟಿ, ಗಾಣಗಾಪುರದ ಪಕ್ಕ ಹಾದು, ಯಾದಗಿರಿ ಜಿಲ್ಲೆ ದಾಟಿ ರಾಯಚೂರಿನ ಹತ್ತಿರ ಕೃಷ್ಣೆಗೆ ಸೇರುವ ಅದೇ ನದಿ. ಅಫಜಲಪುರದ ಕಡೆಯಿಂದ ಬಂದವರು ಸೇತುವೆ ಮೇಲೆ ನಿಂತು ಇದನ್ನೇ ಮಾತಾಡಿಕೊಳ್ಳುತ್ತಾರೆ.

1818ರ ಜನವರಿ 1ರಂದು ಅಲ್ಲಿ ನಡೆದದ್ದೇನು?

ಅದು ಈಸ್ಟ್ ಇಂಡಿಯಾ ಕಂಪನಿಗೂ ಮರಾಠರಿಗೂ ನಡೆದ ಮೂರನೇ ಆಂಗ್ಲೋ–ಮರಾಠಾ ಯುದ್ಧದ ಕಾಲ. ಪುಣೆಯಿಂದ ಮರಾಠಾ ರಾಜ್ಯದ ಆಡಳಿತ ನಡೆಸುತ್ತಿದ್ದವನು ಪೇಶ್ವೆ. 1817ರ ನವೆಂಬರ್‌ನಲ್ಲಿ ಪೇಶ್ವೆ ಎರಡನೇ ಬಾಜಿರಾವ್ ಖಡ್ಕಿಯಲ್ಲಿ ಸೋತು ಪುಣೆ ಬಿಟ್ಟಿದ್ದ. ವರ್ಷದ ಕೊನೆಗೆ ಅವನ ಸೈನ್ಯ ಮತ್ತೆ ಪುಣೆಯ ಕಡೆ ತಿರುಗಿತು. ಪುಣೆಯಲ್ಲಿದ್ದ ಕಂಪನಿ ಅಧಿಕಾರಿ ಶಿರೂರಿನಲ್ಲಿದ್ದ ಕಂಪನಿಯ ದಂಡಿನಿಂದ ಸಹಾಯ ಕೇಳಿದ. ಕ್ಯಾಪ್ಟನ್ ಫ್ರಾನ್ಸಿಸ್ ಸ್ಟಾಂಟನ್ ಡಿಸೆಂಬರ್ 31ರ ರಾತ್ರಿ ಹೊರಟ. ಅವನ ಜೊತೆ ಬಾಂಬೆ ನೇಟಿವ್ ಇನ್‌ಫೆಂಟ್ರಿಯ 1ನೇ ರೆಜಿಮೆಂಟಿನ 2ನೇ ಬೆಟಾಲಿಯನ್ನಿನ ಸುಮಾರು 500 ಕಾಲಾಳುಗಳು, ಸುಮಾರು 300 ಕುದುರೆ ಸವಾರರು, ಮದ್ರಾಸ್ ತೋಪುದಳದ ಎರಡು ಫಿರಂಗಿ ಇದ್ದವು. ಎಲ್ಲ ಸೇರಿ ಎಂಟುನೂರು ಚಿಲ್ಲರೆ ಜನ.

ಇಡೀ ರಾತ್ರಿ ನಡೆದು ಬೆಳಿಗ್ಗೆ ಕೋರೆಗಾಂವ್ ಹತ್ತಿರದ ದಿಣ್ಣೆ ಏರಿದಾಗ ನದಿಯ ಆಚೆ ಪೇಶ್ವೆಯ ಇಡೀ ಸೈನ್ಯ ಕಂಡಿತು. ಲೆಕ್ಕದಲ್ಲಿ ಅದು 28,000ದಷ್ಟು ಅನ್ನುತ್ತಾರೆ, ಅದರಲ್ಲಿ ಕುದುರೆ ಸವಾರರೇ ಹೆಚ್ಚು. ಎಲ್ಲರೂ ಹೋರಾಡಲಿಲ್ಲ ಅನ್ನುವುದನ್ನೂ ಹೇಳಬೇಕು. ಊರಿಗೆ ನುಗ್ಗಿದ್ದು ಅರಬ್ಬರು, ಗೋಸಾಯಿಗಳು (ಆಯುಧ ಹಿಡಿದ ಸಾಧುಗಳು) ಸೇರಿದ್ದ ಕಾಲಾಳು ದಳಗಳು, ಸುಮಾರು ಎರಡು ಸಾವಿರ ಜನ. ಸ್ಟಾಂಟನ್ನನ ಪಡೆ ಮಣ್ಣಿನ ಗೋಡೆಯಿದ್ದ ಹಳ್ಳಿಯೊಳಗೆ ಸೇರಿಕೊಂಡಿತು. ಆಮೇಲೆ ಮಧ್ಯಾಹ್ನದಿಂದ ರಾತ್ರಿಯವರೆಗೆ ಓಣಿ ಓಣಿಯಲ್ಲಿ, ಮನೆ ಮನೆಯಲ್ಲಿ ಕಾದಾಟ.

ಈ ಕಾಳಗದ ವಿವರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ನೀರಿನ ಮಾತು. ಸುಮಾರು 40 ಕಿ.ಮೀ. ನಡೆದು ಬಂದವರು. ಹೊಟ್ಟೆಗೆ ಏನೂ ಇಲ್ಲ. ನದಿ ಕೂಗಳತೆಯಲ್ಲಿದೆ, ಆದರೆ ದಾರಿಯನ್ನು ಎದುರಾಳಿ ಕಟ್ಟಿದ್ದಾನೆ. ಒಂದು ಹೊತ್ತಿನಲ್ಲಿ ಒಂದು ಫಿರಂಗಿಯೂ ಕೈಬಿಟ್ಟು ಹೋಯಿತು. ಅದರ ಅಧಿಕಾರಿ ಚಿಸ್‌ಹೋಮ್‌ನ ತಲೆ ಕಡಿದರು. ಗಾಯಗೊಂಡು ಬಿದ್ದಿದ್ದ ಇನ್ನೊಬ್ಬ ಕಂಪನಿ ಅಧಿಕಾರಿ ಪ್ಯಾಟಿನ್ಸನ್ ಎದ್ದು, ಬಂದೂಕನ್ನು ತಿರುಗಿಸಿ ಹಿಡಿದು ಬೀಸುತ್ತಾ ಸಿಪಾಯಿಗಳ ಜೊತೆ ನುಗ್ಗಿ ಫಿರಂಗಿಯನ್ನು ಮರಳಿ ಪಡೆದ. ಶರಣಾಗೋಣ ಅಂದವರೂ ಪಡೆಯಲ್ಲಿದ್ದರು. ಸ್ಟಾಂಟನ್ ಒಪ್ಪಲಿಲ್ಲ. ರಾತ್ರಿ ಗುಂಡಿನ ಸದ್ದು ಕಡಿಮೆಯಾದ ಮೇಲೆಯೇ ಅವರಿಗೆ ನೀರು ಸಿಕ್ಕಿದ್ದು.

ಹಾಗಾದರೆ ಗೆದ್ದವರು ಯಾರು?

ಕಾಗದದ ಲೆಕ್ಕದಲ್ಲಿ ಹೇಳುವುದು ಕಷ್ಟ. ಪೇಶ್ವೆಯ ಸೈನ್ಯ ಊರನ್ನು ಹಿಡಿಯಲಾಗದೆ ರಾತ್ರಿ ಹಿಂದೆ ಸರಿಯಿತು. ಕಂಪನಿಯ ಜನರಲ್ ಸ್ಮಿತ್‌ನ ದೊಡ್ಡ ಪಡೆ ಬರುತ್ತಿದೆ ಎಂಬ ಭಯವೂ ಅದಕ್ಕಿತ್ತು. ಸ್ಟಾಂಟನ್ ಕೂಡ ಪುಣೆಗೆ ಹೋಗಲಿಲ್ಲ, ಗಾಯಾಳುಗಳನ್ನು ಹೊತ್ತುಕೊಂಡು ಶಿರೂರಿಗೆ ಮರಳಿದ. ಕಂಪನಿ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 275. ಪೇಶ್ವೆ ಕಡೆ 500–600 ಎಂದು ಅಂದಾಜು.

ಬಾಜಿರಾವ್ ಅಲ್ಲಿಂದ ತೆಂಕಣಕ್ಕೆ, ಕರ್ನಾಟಕದ ಕಡೆ ಓಡಿದ. ಮೈಸೂರಿನಿಂದ ಸಹಾಯ ಸಿಗದೆ ಸೊಲ್ಲಾಪುರದ ಕಡೆ ತಿರುಗಿದ. 1818ರ ಜೂನ್‌ನಲ್ಲಿ ಶರಣಾಗಿ, ಪಿಂಚಣಿ ಪಡೆದು ಬಿಠೂರಿಗೆ ಹೋದ. ಕೋರೆಗಾಂವ್ ಒಂದೇ ಕಾಳಗ ಪೇಶ್ವೆ ಆಡಳಿತವನ್ನು ಕೆಡವಿತು ಅನ್ನುವುದು ಸರಿಯಲ್ಲ. ಆದರೆ ಅವನ ಸೈನ್ಯದ ಧೈರ್ಯ ಅಲ್ಲಿ ಕುಸಿಯಿತು ಅನ್ನಬಹುದು.

‘500 ಜನ 28,000 ಜನರನ್ನು ಕೊಂದರು’ ಎಂಬ ಸಂದೇಶ ಪ್ರತಿ ವರ್ಷ ವಾಟ್ಸಾಪಿನಲ್ಲಿ ಓಡಾಡುತ್ತದೆ. ದಯವಿಟ್ಟು ಅದನ್ನು ಮುಂದೆ ಕಳಿಸಬೇಡಿ. ಆ ಜನ ನಿಜವಾಗಿ ಮಾಡಿದ್ದೇ ಸಾಕಷ್ಟು ದೊಡ್ಡದು. ಅದಕ್ಕೆ ಸುಳ್ಳು ಸೇರಿಸಿದರೆ ಅವಮಾನ ಅವರಿಗೇ.

ಸ್ತಂಭ ಕಟ್ಟಿಸಿದ್ದು ಬ್ರಿಟಿಷರು. ಅದಕ್ಕೆ ನಾವ್ಯಾಕೆ ತಲೆಬಾಗಬೇಕು?

ತುಂಬಾ ಜನ ಕೇಳುವ ಪ್ರಶ್ನೆ. ಕೆಲವರು ಚುಚ್ಚಲು ಕೇಳುತ್ತಾರೆ, ಕೆಲವರು ನಿಜವಾಗಿ ತಿಳಿಯಲು. ಇಬ್ಬರಿಗೂ ನನ್ನ ಉತ್ತರ ಒಂದೇ.

ಹೌದು, ಯುದ್ಧ ಕಂಪನಿಯದ್ದು. ದೇಶವನ್ನು ನುಂಗಲು ಹೊರಟಿದ್ದ ಕಂಪನಿ ತನ್ನ ಹೆಮ್ಮೆಗಾಗಿ ಈ ಸ್ತಂಭ ಕಟ್ಟಿಸಿತು. 1821ರ ಮಾರ್ಚ್ 26ರಂದು ಅಡಿಗಲ್ಲು ಇಟ್ಟರು. ಇದನ್ನು ಯಾರೂ ಮುಚ್ಚಿಡಬೇಕಾಗಿಲ್ಲ. ಆದರೆ ಆ ಕಲ್ಲಿನ ಮೇಲೆ ಸತ್ತ ಸಿಪಾಯಿಗಳ ಹೆಸರನ್ನೂ ಕೆತ್ತಿದರು. ಅವರಲ್ಲಿ ಮಹಾರರು, ಅಂದರೆ ಮಹಾರಾಷ್ಟ್ರದಲ್ಲಿ ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಜಾತಿಯವರು, ಇದ್ದರು. ಅಂಬೇಡ್ಕರ್ ಹುಟ್ಟಿದ್ದೂ ಆ ಜಾತಿಯಲ್ಲೇ. ಪೇಶ್ವೆಗಳ ಆಡಳಿತದಲ್ಲಿ ಅಸ್ಪೃಶ್ಯರು ಪುಣೆಯ ಬೀದಿಯಲ್ಲಿ ನಡೆಯುವಾಗ ಹೆಜ್ಜೆ ಗುರುತು ಅಳಿಸಲು ಸೊಂಟಕ್ಕೆ ಪೊರಕೆ, ಉಗುಳಲು ಕೊರಳಿಗೆ ಮಡಕೆ ಕಟ್ಟಿಕೊಳ್ಳಬೇಕಿತ್ತು ಎಂದು ಅಂಬೇಡ್ಕರ್ ಬರೆದಿದ್ದಾರೆ. ನೆಲದ ಮೇಲೆ ಹೆಜ್ಜೆಯೂ ಉಳಿಯಬಾರದು ಅಂದವರ ಕಾಲದಲ್ಲಿ ಬದುಕಿದವರ ಹೆಸರು ಕಲ್ಲಿನಲ್ಲಿ ಉಳಿಯಿತು. ಜನ ಹೋಗುವುದು ಆ ಹೆಸರಿಗಾಗಿ, ಕಂಪನಿಗಾಗಿ ಅಲ್ಲ.

ಆ ಸಿಪಾಯಿಗಳೆಲ್ಲ ಜಾತಿಯ ವಿರುದ್ಧ ಹೋರಾಡಲೆಂದೇ ಬಂದೂಕು ಹಿಡಿದರು ಅಂತ ನಾನು ಹೇಳುವುದಿಲ್ಲ. ಸಂಬಳ, ಸಮವಸ್ತ್ರ, ಪಿಂಚಣಿ, ಇವೂ ಕಾರಣ. ಹಳ್ಳಿಯಲ್ಲಿ ಸಿಗದ ಮರ್ಯಾದೆ ದಂಡಿನಲ್ಲಿ ಸ್ವಲ್ಪವಾದರೂ ಸಿಗುತ್ತಿತ್ತು. ಮಹಾರರು ಅದಕ್ಕೂ ಮುಂಚೆ ಶಿವಾಜಿ ಮಹಾರಾಜರ ಸೈನ್ಯದಲ್ಲಿದ್ದರು, ಕೋಟೆಗಳನ್ನು ಕಾದಿದ್ದರು. ಮುಂದೆ ಇದೇ ಬ್ರಿಟಿಷರು 1890ರ ದಶಕದಲ್ಲಿ ‘ಇವರು ಯುದ್ಧಕ್ಕೆ ತಕ್ಕ ಜನವಲ್ಲ’ ಎಂದು ಮಹಾರರನ್ನು ಸೈನ್ಯಕ್ಕೆ ಸೇರಿಸುವುದನ್ನೇ ನಿಲ್ಲಿಸಿಬಿಟ್ಟರು. ಆಗ ಮಹಾರ್ ನಾಯಕರಾದ ಗೋಪಾಲ್ ಬಾಬಾ ವಲಂಗಕರ್, ಆಮೇಲೆ ಶಿವರಾಮ್ ಜಾನಬಾ ಕಾಂಬ್ಳೆ ಬ್ರಿಟಿಷ್ ಸರ್ಕಾರಕ್ಕೆ ಅರ್ಜಿ ಬರೆದರು. ನಮ್ಮ ಹಿರಿಯರು ನಿಮಗಾಗಿ ಜೀವ ಕೊಟ್ಟಿದ್ದಾರೆ, ಈಗ ನಾವು ಬೇಡವಾ ಎಂದು ಕೇಳಿದರು. ಅವರ ಕೈಗೆ ಬಂದ ಮೇಲೆ ಸ್ತಂಭದ ಅರ್ಥವೇ ಬದಲಾಯಿತು. ಕಂಪನಿಯ ಹೆಮ್ಮೆಯ ಕಲ್ಲು, ಬ್ರಿಟಿಷರಿಗೇ ಪ್ರಶ್ನೆ ಕೇಳುವ ಸಾಕ್ಷಿಯಾಯಿತು.

ಅಂಬೇಡ್ಕರ್ ಅಲ್ಲಿಗೆ ಬಂದಿದ್ದು ಯಾವಾಗ?

1927ರ ಜನವರಿ 1ರಂದು. ಅಸ್ಪೃಶ್ಯರಿಗೆ ನೀರು ಮುಟ್ಟಲು ಬಿಡದಿದ್ದ ಮಹಾಡದ ಚವದಾರ್ ಕೆರೆಯ ಸತ್ಯಾಗ್ರಹ ನಡೆದದ್ದು ಅದೇ ವರ್ಷದ ಮಾರ್ಚ್ 20ಕ್ಕೆ. ಅಂದರೆ ಕೆರೆಯ ನೀರು ಮುಟ್ಟುವ ಸುಮಾರು ಎರಡೂವರೆ ತಿಂಗಳು ಮುಂಚೆ ಅವರು ಈ ಸ್ತಂಭದ ಮುಂದೆ ನಿಂತಿದ್ದರು. ಅವರ ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರ್ ಆಗಿದ್ದವರು ಅನ್ನುವುದನ್ನೂ ನೆನಪಿಡಿ. ಜನ ದೊಡ್ಡ ಸಂಖ್ಯೆಯಲ್ಲಿ ಜನವರಿ 1ಕ್ಕೆ ಬರುವ ರೂಢಿ ಬೆಳೆದದ್ದು ಅವರ ಆ ಭೇಟಿಯಿಂದಲೇ.

ಸ್ತಂಭದ ಮೇಲೆ ಏನು ಬರೆದಿದೆ?

ಸ್ತಂಭ ಸುಮಾರು 60 ಅಡಿ ಎತ್ತರ. ಕಲ್ಲಿನ ಕಟ್ಟೆಯ ಮೇಲೆ ನಿಂತಿದೆ. ಬುಡದಲ್ಲಿ ಅಮೃತಶಿಲೆಯ ಫಲಕಗಳಿವೆ, ಇಂಗ್ಲಿಷ್ ಮತ್ತು ಮರಾಠಿಯಲ್ಲಿ. ಒಂದರಲ್ಲಿ ಸ್ಟಾಂಟನ್ನನ ಪಡೆ ಪೇಶ್ವೆಯ ಸೈನ್ಯವನ್ನು ಹೇಗೆ ತಡೆದು ನಿಂತಿತು ಎಂಬ ಕಂಪನಿಯ ವರ್ಣನೆ ಇದೆ. ಅದನ್ನು ಬೇಗ ಓದಿ ಮುಗಿಸಿ, ಹೆಸರುಗಳ ಫಲಕಕ್ಕೆ ಬನ್ನಿ.

ಸತ್ತ 49 ಜನರ ಹೆಸರು ಅಲ್ಲಿದೆ. ಸೋಮನಾಕ್ ಕಮಲನಾಕ್, ರಾಮನಾಕ್ ಯೇಸನಾಕ್ ಹೀಗೆ ‘ನಾಕ್’ ಎಂದು ಮುಗಿಯುವ ಹೆಸರು ಕಂಡರೆ ಅವರು ಮಹಾರರು. ತನ್ನ ಹೆಸರು, ಪಕ್ಕದಲ್ಲಿ ಅಪ್ಪನ ಹೆಸರು. ಅಂಥವು 22. ಇಂಗ್ಲಿಷ್ ಫಲಕದಲ್ಲಿ ಕಾಗುಣಿತ ಹಳೆಯ ಕಾಲದ್ದು, ಮೊದಲಿಗೆ ತೊಡಕಾಗುತ್ತದೆ. ದೇವನಾಗರಿ ಓದಲು ಬರುವವರು ಜೊತೆಗಿದ್ದರೆ ಸುಲಭ.

ಮೊಮ್ಮಗಳ ಕೈಯಲ್ಲಿ ಆ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿಸುತ್ತಿದ್ದ ಒಬ್ಬ ಅಜ್ಜಿಯನ್ನು ನೋಡಿದ್ದೇನೆ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಹುಡುಗಿ ಒಂದು ಹೆಸರು ಓದಿದ ಮೇಲೆ ಅಜ್ಜಿ ಬೆರಳಿನಿಂದ ಆ ಸಾಲು ಮುಟ್ಟಿ, ‘ಹಾಂ, ಮುಂದಿಂದು’ ಅನ್ನುತ್ತಿದ್ದಳು. ಹಿಂದೆ ಸಾಲಿನಲ್ಲಿದ್ದ ಯಾರೂ ಅವಸರ ಮಾಡಲಿಲ್ಲ.

ಅಲ್ಲಿ ಹೋರಾಡಿದವರು ಮಹಾರರು ಮಾತ್ರವಾ?

ಅಲ್ಲ. ಆ ಬೆಟಾಲಿಯನ್ನಿನಲ್ಲಿ ಮಹಾರರ ಜೊತೆ ಮರಾಠರು, ರಜಪೂತರು, ಮುಸ್ಲಿಮರು, ಯಹೂದಿಗಳು ಇದ್ದರು. ತೋಪುದಳದಲ್ಲಿ ಯುರೋಪಿನವರಿದ್ದರು. ಅವರೆಲ್ಲರಿಗೂ ಅದೇ ಗೌರವ ಸಲ್ಲಬೇಕು. ಎದುರು ಪಕ್ಷದಲ್ಲಿ ಸತ್ತವರ ಹೆಸರು ಅಲ್ಲಿಲ್ಲ. ಅವರೂ ಯಾರದೋ ಮನೆಯ ಮಕ್ಕಳೇ ಅಲ್ವಾ? ಊರಿನ ಮರಾಠರ ಜೊತೆ ಮಾತಾಡುವಾಗ ಇದು ಮನಸ್ಸಿನಲ್ಲಿದ್ದರೆ ಒಳ್ಳೆಯದು.

ನಮ್ಮ ಮನೆತನದ ಹಿರಿಯರು ಆ ಪಟ್ಟಿಯಲ್ಲಿ ಇದ್ದಾರಾ ಅಂತ ತಿಳಿಯಬಹುದಾ?

ನೇರವಾಗಿ ತಿಳಿಯುವುದು ತುಂಬಾ ಕಷ್ಟ. ಆಗ ಈಗಿನಂತೆ ಅಡ್ಡಹೆಸರು ಬರೆಯುತ್ತಿರಲಿಲ್ಲ, ಕಲ್ಲಿನ ಮೇಲೆ ಊರಿನ ಹೆಸರೂ ಇಲ್ಲ. ಬಾಂಬೆ ಸೈನ್ಯದ ಮಹಾರ್ ಸಿಪಾಯಿಗಳಲ್ಲಿ ಹೆಚ್ಚಿನವರು ಕೊಂಕಣದ ಕಡೆಯವರು. ಹಾಗಾಗಿ ಅಲ್ಲಿ ಬರುವವರು ‘ಇವರಲ್ಲಿ ನನ್ನ ಮುತ್ತಜ್ಜ ಯಾರು’ ಎಂದು ಹುಡುಕುವುದಿಲ್ಲ. ಎಲ್ಲರನ್ನೂ ತಮ್ಮ ಹಿರಿಯರೆಂದೇ ನೋಡುತ್ತಾರೆ.

ಮನೆಯಲ್ಲಿ ಆಮೇಲಿನ ಕಾಲದ ಸೈನಿಕರಿದ್ದರೆ ಹುಡುಕುವುದಕ್ಕೆ ದಾರಿ ಇದೆ. ಎರಡು ಮಹಾಯುದ್ಧಗಳಲ್ಲಿ ಸತ್ತ ಭಾರತೀಯ ಸೈನಿಕರ ಹೆಸರುಗಳನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಿನಲ್ಲಿ ಖರ್ಚಿಲ್ಲದೆ ನೋಡಬಹುದು. 1941ರ ನಂತರ ಮಹಾರ್ ರೆಜಿಮೆಂಟಿನಲ್ಲಿದ್ದವರಾದರೆ ಅದರ ಕೇಂದ್ರ ಇರುವುದು ಮಧ್ಯಪ್ರದೇಶದ ಸಾಗರದಲ್ಲಿ. ಮೊದಲು ಮನೆಯ ಟ್ರಂಕು ತೆಗೆಯಿರಿ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಕಾಗದ, ಪದಕ ಏನೇ ಸಿಕ್ಕರೂ ಅದರಲ್ಲಿರುವ ಸರ್ವೀಸ್ ನಂಬರನ್ನು ಬರೆದಿಟ್ಟುಕೊಳ್ಳಿ. ಪದಕದ ಅಂಚನ್ನೂ ನೋಡಿ. ಆ ಕಾಲದ ಪದಕಗಳಲ್ಲಿ ಅನೇಕ ಸಲ ಹೆಸರು, ನಂಬರು ಅಂಚಿನ ಮೇಲೆ ಸಣ್ಣಗೆ ಕೊರೆದಿರುತ್ತಾರೆ.

ಕರ್ನಾಟಕಕ್ಕೂ ಇದಕ್ಕೂ ಏನು ಸಂಬಂಧ?

ಬೆಳಗಾವಿ. ಮೊದಲ ಮಹಾಯುದ್ಧದ ಸಮಯದಲ್ಲಿ 111ನೇ ಮಹಾರ್ಸ್ ಎಂಬ ದಳ ಕಟ್ಟಿ, ಯುದ್ಧ ಮುಗಿದ ಮೇಲೆ ಅದನ್ನು ವಿಸರ್ಜಿಸಿದ್ದರು. ಅಂಬೇಡ್ಕರ್ ಮತ್ತೆ ಮತ್ತೆ ಒತ್ತಾಯ ಮಾಡಿದ ಮೇಲೆ, ಎರಡನೇ ಮಹಾಯುದ್ಧದ ನಡುವೆ, 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಅದರ ಟೋಪಿ ಬಿಲ್ಲೆಯ ಮೇಲೆ ಕೋರೆಗಾಂವ್ ಸ್ತಂಭದ ಚಿತ್ರವೇ ಇತ್ತು. ಸ್ವಾತಂತ್ರ್ಯದ ಮೇಲೆ ಬಿಲ್ಲೆಯಿಂದ ಸ್ತಂಭ ಹೋಗಿ ಅಲ್ಲಿ ಕಠಾರಿ ಬಂತು. ಇಂದು ಆ ರೆಜಿಮೆಂಟಿನಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಜನರಲ್ ಕೆ.ವಿ. ಕೃಷ್ಣರಾವ್, ಜನರಲ್ ಕೆ. ಸುಂದರ್‌ಜಿ ಇಬ್ಬರು ಭೂಸೇನಾ ಮುಖ್ಯಸ್ಥರು ಅದೇ ರೆಜಿಮೆಂಟಿನವರು. 1987ರಲ್ಲಿ ಶ್ರೀಲಂಕಾದಲ್ಲಿ ಮಡಿದು ಪರಮವೀರ ಚಕ್ರ ಪಡೆದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಕೂಡ.

ಜನವರಿ 1ಕ್ಕೇ ಹೋಗಬೇಕಾ?

ಮೊದಲ ಸಲ ಹೋಗುವವರು ಜನವರಿ 1ಕ್ಕೇ ಹೋಗಿ ಅನ್ನುತ್ತೇನೆ. ಲಕ್ಷಾಂತರ ಜನ ಸೇರುತ್ತಾರೆ. ಸ್ತಂಭಕ್ಕೆ ಮೇಲಿಂದ ಕೆಳಗಿನವರೆಗೆ ಹೂವಿನ ಅಲಂಕಾರ. ಅಂಬೇಡ್ಕರ್ ಕಟ್ಟಿದ ಸಮತಾ ಸೈನಿಕ ದಳದವರು ಸಾಲಾಗಿ ನಿಂತು ಸಲ್ಯೂಟ್ ಹೊಡೆಯುತ್ತಾರೆ. ನಿವೃತ್ತ ಸೈನಿಕರು ಎದೆಯ ಮೇಲೆ ಪದಕ ಹಾಕಿಕೊಂಡು ಬರುತ್ತಾರೆ. ರಸ್ತೆಯುದ್ದಕ್ಕೂ ನೀಲಿ ಬಾವುಟ, ಹಾಡು, ಪುಸ್ತಕದ ಅಂಗಡಿ. ಅಲ್ಲಿ ಮಾರುವ ಪುಸ್ತಕಗಳ ರಾಶಿ ನೋಡಿದರೆ ಖುಷಿಯಾಗುತ್ತದೆ. ಕೂಲಿ ಮಾಡಿ ಬಂದವರೂ ಮಕ್ಕಳಿಗೊಂದು ಪುಸ್ತಕ ಕೊಳ್ಳದೆ ಮರಳುವುದಿಲ್ಲ.

ಆದರೆ ಸ್ತಂಭದ ಮುಂದೆ ನಿಮಗೆ ಸಿಗುವುದು ಕೆಲವೇ ಕ್ಷಣ. ಸಾಲು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಹೆಸರುಗಳನ್ನು ನಿಧಾನವಾಗಿ ಓದಬೇಕು, ನದಿ ನೋಡಬೇಕು, ಕಾಳಗ ಹೇಗೆ ನಡೆದಿರಬಹುದು ಅಂತ ಊಹಿಸಬೇಕು ಅಂದರೆ ಇನ್ನೊಮ್ಮೆ ಬೇರೆ ದಿನ ಬನ್ನಿ. ಡಿಸೆಂಬರ್ 31ರ ರಾತ್ರಿಯೇ ಬಂದು ಹೊಸ ವರ್ಷದ ಮೊದಲ ಗಳಿಗೆಯಲ್ಲಿ ನಮಸ್ಕರಿಸುವವರೂ ತುಂಬಾ ಇದ್ದಾರೆ.

ಕರ್ನಾಟಕದಿಂದ ಹೋಗುವುದು ಹೇಗೆ?

ಕಲಬುರಗಿ ಕಡೆಯವರಿಗೆ ಸೊಲ್ಲಾಪುರದ ಮೇಲೆ ಪುಣೆಗೆ ಹೋಗುವ ರೈಲು ಸುಲಭ, ಬೆಂಗಳೂರಿನಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಕೂಡ ಅದೇ ದಾರಿ. ಬೆಳಗಾವಿ, ಹುಬ್ಬಳ್ಳಿಯವರಿಗೆ ಮೀರಜ್ ಮೇಲೆ ರೈಲು ಇದೆ. ರಸ್ತೆಯಲ್ಲಾದರೆ ಕೊಲ್ಹಾಪುರ, ಸಾತಾರಾ ದಾರಿ. ವಿಜಯಪುರದವರು ಸೊಲ್ಲಾಪುರ ಹಿಡಿಯಿರಿ. ಪುಣೆಯಿಂದ ವಾಘೋಲಿ, ಲೋಣಿಕಂದ ದಾಟಿ ಪೇರಣೆ. ಬೇರೆ ದಿನಗಳಲ್ಲಿ ಶಿರೂರು, ಅಹಿಲ್ಯಾನಗರ ಕಡೆಯ ಎಸ್‌ಟಿ (ಮಹಾರಾಷ್ಟ್ರ ಸರ್ಕಾರಿ) ಬಸ್ ಹತ್ತಿದರೆ ಸಾಕು. ಡಿಸೆಂಬರ್ ಕೊನೆಯ ವಾರದ ಟಿಕೆಟ್ ತುಂಬಾ ಮುಂಚೆಯೇ ಮಾಡಿಸಿಡಿ.

ಜನವರಿ 1ರಂದು ಆ ಹೆದ್ದಾರಿಯಲ್ಲಿ ವಾಹನಗಳ ದಾರಿಯನ್ನೇ ಬದಲಿಸುತ್ತಾರೆ. ಕಾರು, ಕ್ರೂಸರ್, ಟೆಂಪೋ ಎಲ್ಲವನ್ನೂ ದೂರದ ಪಾರ್ಕಿಂಗ್‌ನಲ್ಲಿ ಬಿಟ್ಟು, ಅಲ್ಲಿಂದ ಆಡಳಿತದವರು ಬಿಡುವ ಪುಣೆ ಸಿಟಿ ಬಸ್ ಹತ್ತಬೇಕು. ಪಾರ್ಕಿಂಗ್ ಜಾಗದ ಫೋಟೋ ತೆಗೆದುಕೊಳ್ಳಿ, ಜೊತೆಗೆ ಚಾಲಕರ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು ಎಲ್ಲರ ಜೇಬಿನಲ್ಲಿ ಇಡಿ. ಜನಸಂದಣಿಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ.

2018ರಲ್ಲಿ ಗಲಾಟೆ ಆಗಿತ್ತಲ್ಲ, ಈಗ ಹೋಗಲು ಭಯವಿಲ್ಲವಾ?

2018ರ ಜನವರಿ 1 ಕಾಳಗದ 200ನೇ ವರ್ಷ. ಆ ದಿನ ಬಂದಿದ್ದವರ ಮೇಲೆ ಕಲ್ಲು ಬಿತ್ತು, ವಾಹನ ಸುಟ್ಟರು, ಒಬ್ಬ ಯುವಕ ಜೀವ ಕಳೆದುಕೊಂಡ. ಎರಡು ದಿನದ ನಂತರ ಇಡೀ ಮಹಾರಾಷ್ಟ್ರ ಬಂದ್ ಆಯಿತು. ಸರ್ಕಾರ ನಿವೃತ್ತ ನ್ಯಾಯಮೂರ್ತಿ ಜೆ.ಎನ್. ಪಟೇಲ್ ನೇತೃತ್ವದಲ್ಲಿ ವಿಚಾರಣಾ ಆಯೋಗ ನೇಮಿಸಿತು. ಹಿರಿಯರಿಗೆ ಕೈಮುಗಿಯಲು ಹೋದವರು ಕಲ್ಲೇಟು ತಿಂದು ಮರಳಿದ್ದು ಇಂದಿಗೂ ಮನಸ್ಸು ಸುಡುವ ಸಂಗತಿ.

ಅದರ ಮುಂದಿನ ವರ್ಷದಿಂದ ಪೊಲೀಸ್ ಬಂದೋಬಸ್ತ್ ಬಹಳ ಬಿಗಿ. ಸಿಸಿಟಿವಿ, ಡ್ರೋನ್ ಎಲ್ಲ ಇರುತ್ತವೆ. ಜನ ಮನೆಮಂದಿಯನ್ನೆಲ್ಲ ಕರೆದುಕೊಂಡು ಬರುತ್ತಾರೆ. ಗುಂಪಿನಲ್ಲಿ ಹೋಗಿ, ಬೆಳಕಿರುವಾಗಲೇ ಹೊರಡಿ, ಯಾರಾದರೂ ಕೆಣಕಿದರೆ ಉತ್ತರ ಕೊಡದೆ ಪೊಲೀಸರಿಗೆ ಹೇಳಿ. ಖಾತ್ರಿಯಿಲ್ಲದ ವಿಡಿಯೋ ಹಂಚಬೇಡಿ, ಆ ದಿನಗಳಲ್ಲಿ ಪೊಲೀಸರು ಅದನ್ನೂ ಗಮನಿಸುತ್ತಾರೆ.

ನಾನು ದಲಿತನಲ್ಲ. ಬರಬಹುದಾ?

ಖಂಡಿತ ಬನ್ನಿ. ಯಾರೂ ಜಾತಿ ಕೇಳುವುದಿಲ್ಲ. ಜೈ ಭೀಮ್ ಅಂದರೆ ಜೈ ಭೀಮ್ ಅನ್ನಿ, ಅಷ್ಟೇ. ಒಂದೇ ವಿನಂತಿ: ಸಾಲಿನಲ್ಲಿ ನಿಂತು ಯುದ್ಧದ ಲೆಕ್ಕಾಚಾರದ ವಾದ ಮಾಡಬೇಡಿ. ವಾದಕ್ಕೆ ಬೇರೆ ಜಾಗ, ಬೇರೆ ಹೊತ್ತು ಇದೆ. ನಿಮ್ಮ ಪಕ್ಕದಲ್ಲಿರುವವರು ಹಿರಿಯರ ನೆನಪಿಗೆ ಬಂದಿದ್ದಾರೆ.

ವಯಸ್ಸಾದವರು, ಸಣ್ಣ ಮಕ್ಕಳು?

ಜನವರಿ 1ಕ್ಕೆ ತುಂಬಾ ನಡೆಯಬೇಕು, ತುಂಬಾ ನಿಲ್ಲಬೇಕು. ಮೊಣಕಾಲು ನೋವಿರುವವರನ್ನು, ಹಸುಗೂಸುಗಳನ್ನು ಬೇರೆ ದಿನ ಕರೆದುಕೊಂಡು ಹೋಗುವುದೇ ಮೇಲು. ‘ಸಾಯೋದರೊಳಗೆ ಜನವರಿ ಒಂದಕ್ಕೇ ನೋಡಬೇಕು’ ಅಂತ ಅಜ್ಜ ಹಟ ಹಿಡಿದರೆ ಬೆಳಗಿನ ಜಾವವೇ ತಲುಪಿ. ಆಗ ಚಳಿ ಜೋರು, ಶಾಲು ಇರಲಿ. ಮಧ್ಯಾಹ್ನ ಬಿಸಿಲೂ ಅಷ್ಟೇ ಜೋರು. ನೀರಿನ ಟ್ಯಾಂಕರ್, ಆಂಬುಲೆನ್ಸ್ ಇರುತ್ತವೆ. ಆದರೂ ಬಾಟಲಿ, ಬಿಪಿ–ಶುಗರ್ ಮಾತ್ರೆ, ರೊಟ್ಟಿ–ಚಟ್ನಿ ಕೈಚೀಲದಲ್ಲೇ ಇರಲಿ.

ಟಿಕೆಟ್, ಫೋಟೋ, ಹೂವು?

ಟಿಕೆಟ್ ಇಲ್ಲ. ಫೋಟೋ ತೆಗೆಯಬಹುದು, ಸಾಲು ನಿಲ್ಲಿಸಿ ಸೆಲ್ಫಿ ಬೇಡ. ಹೂವು ಅಲ್ಲೇ ಸಿಗುತ್ತದೆ. ಪ್ಲಾಸ್ಟಿಕ್ ಹಾರ ತರಬೇಡಿ.

ಹತ್ತಿರದಲ್ಲಿ ಇನ್ನೇನು ನೋಡಬಹುದು?

ಕೆಲವೇ ಕಿ.ಮೀ. ದೂರದಲ್ಲಿ ವಢು ಬುದ್ರುಕ್ ಇದೆ. ಅಲ್ಲಿ ಸಂಭಾಜಿ ಮಹಾರಾಜರ ಸಮಾಧಿ, ಗೋವಿಂದ ಗೋಪಾಳ ಮಹಾರ್ ಅವರ ಸಮಾಧಿ ಎರಡೂ ಇವೆ. 1689ರಲ್ಲಿ ಔರಂಗಜೇಬ ಸಂಭಾಜಿಯನ್ನು ಕೊಲ್ಲಿಸಿದಾಗ, ಯಾರೂ ಮುಟ್ಟಲು ಹೆದರುತ್ತಿದ್ದ ದೇಹದ ಅಂತ್ಯಕ್ರಿಯೆ ಮಾಡಿದ್ದು ಗೋವಿಂದ ಗೋಪಾಳ ಎಂದು ದಲಿತರ ನಂಬಿಕೆ. 2017ರ ಡಿಸೆಂಬರ್ ಕೊನೆಯಲ್ಲಿ ಗೋವಿಂದ ಗೋಪಾಳರ ಬಗ್ಗೆ ಅಲ್ಲಿ ಹಾಕಿದ್ದ ಫಲಕದ ವಿಷಯಕ್ಕೇ ಜಗಳ ಶುರುವಾಗಿತ್ತು. ಹೋದರೆ ಎರಡೂ ಸಮಾಧಿಗೆ ಹೋಗಿ. ಭೀಮಾ–ಇಂದ್ರಾಯಣಿ ಕೂಡುವ ತುಳಾಪುರವೂ ಹತ್ತಿರ. ಜನವರಿ 1ಕ್ಕೆ ಇವೆಲ್ಲ ಸೇರಿಸಿಕೊಂಡರೆ ಯಾವುದೂ ಸರಿಯಾಗಿ ಆಗುವುದಿಲ್ಲ.

ಈ ವರ್ಷ ಹೋಗಲು ಆಗದಿದ್ದರೆ?

ಜನವರಿ 1ರಂದು ಕರ್ನಾಟಕದ ಅನೇಕ ಊರುಗಳಲ್ಲಿ ದಲಿತ ಸಂಘಟನೆಗಳು ಭೀಮಾ ಕೋರೆಗಾಂವ್ ವಿಜಯೋತ್ಸವ ಮಾಡುತ್ತವೆ. ಸಾಮಾನ್ಯವಾಗಿ ಅಂಬೇಡ್ಕರ್ ಭವನದಲ್ಲಿ ಅಥವಾ ಅಂಬೇಡ್ಕರ್ ಸರ್ಕಲ್‌ನಲ್ಲಿ ಇರುತ್ತದೆ. ಡಿಸೆಂಬರ್ ಮೂರನೇ ವಾರದ ಹೊತ್ತಿಗೆ ಕೇಳಿದರೆ ಸಮಯ ಹೇಳುತ್ತಾರೆ. ಪುಣೆಗೆ ಬಸ್ ಮಾಡಿಕೊಂಡು ಹೋಗುವ ಗುಂಪುಗಳ ವಿಚಾರವೂ ಅಲ್ಲೇ ಗೊತ್ತಾಗುತ್ತದೆ. ಮುಂದಿನ ವರ್ಷಕ್ಕೆ ಸೀಟು ಬೇಕಿದ್ದರೆ ಅವರ ಹತ್ತಿರ ಈಗಲೇ ಹೆಸರು ಬರೆಸಿಡಿ.